ಪರೀಕ್ಷೆಯ ಹಿಂದಿನ ದಿನ ನಾನು ಸತ್ತದ್ದು

ನಾನು ಸತ್ತಿರಲಿಲ್ಲ. ಮಲಗಿದ್ದೆ, ಅಷ್ಟೆ. ಬಾಯಿ ಕಟ್ಟಿತ್ತು, ಮೂಗಿನಲ್ಲಿ ಹತ್ತಿ ಇತ್ತು, ಕಾಲಿನ ಹೆಬ್ಬೆರಳೆರಡನ್ನೂ ಸೇರಿಸಿ ದಾರ ಸುತ್ತಿತ್ತು. ಹತ್ತಿ ಇದ್ದದ್ದು ಒಂದು ಹೊಳ್ಳೆಯಲ್ಲಿ ಮಾತ್ರ. ಎರಡಕ್ಕೂ ಇಟ್ಟಿದ್ದರೆ ಬೀದಿಯವರ ಮಾತು ನಿಜವಾಗಿಬಿಡುತ್ತಿತ್ತು. ಈಗಲೂ ಹಲಸೂರಿನ ನಮ್ಮ ಬೀದಿಯಲ್ಲಿ ಯಾರಾದರೂ ಸಿಕ್ಕಿದರೆ, "ಅವತ್ತು ನೀವು ಹೋಗಿ ವಾಪಸ್ ಬಂದ್ರಲ್ಲ" ಎಂದು ಕೈ ಮುಗಿಯುತ್ತಾರೆ. ನಾನು ಎಲ್ಲಿಗೂ ಹೋಗಿರಲಿಲ್ಲ. ನಮ್ಮ ಮನೆಯ ಮುಂದಿನ ಕೋಣೆಯಲ್ಲಿ, ಚಾಪೆಯ ಮೇಲೆ, ಮೊಮ್ಮಗಳ ಪರೀಕ್ಷೆಗೆ ಪಾಠ ನಡೆಯುತ್ತಿತ್ತು. ಆ ಪಾಠಕ್ಕೆ ಒಂದು ಹೆಣ ಬೇಕಾಗಿತ್ತು. ನಾನು ಬಿಡುವಾಗಿದ್ದೆ.

ಎರಡು ಸಾವಿರದ ಇಸವಿ ಕಳೆದು ಒಂದೆರಡು ವರ್ಷವಾಗಿತ್ತು. ಮೊಮ್ಮಗಳು ಕೆ.ಆರ್.ಪುರದಾಚೆ ಒಂದು ಸಣ್ಣ ಖಾಸಗಿ ಕಾಲೇಜಿನಲ್ಲಿ ನರ್ಸಿಂಗ್ ಓದುತ್ತಿದ್ದಳು. ಮೊದಲನೇ ವರ್ಷ. ಕೆ.ಆರ್.ಪುರದಲ್ಲಿ ಆಗ ತೂಗುಸೇತುವೆ ಕಟ್ಟುತ್ತಿದ್ದರು. ಹೋಗುವ ಬಸ್ಸು ಅಲ್ಲಿ ನಿಂತರೆ ನಿಂತೇ ಬಿಡುತ್ತಿತ್ತು. ಹಾಗಾಗಿ ಅವಳು ಕತ್ತಲೆ ಇರುವಾಗಲೇ ಎದ್ದು, ಬಿಳಿ ಯೂನಿಫಾರಂ ಮಡಿಸಿ ಚೀಲಕ್ಕೆ ಹಾಕಿಕೊಂಡು ಹೊರಡುತ್ತಿದ್ದಳು. ಹಾಕಿಕೊಂಡೇ ಹೋದರೆ ಸೇತುವೆಯ ಧೂಳೆಲ್ಲ ಅದರ ಮೇಲೆ ಕೂರುತ್ತಿತ್ತು.

ನನ್ನ ಮಗ, ಅಂದರೆ ಅವಳ ಅಪ್ಪ, ದೊಮ್ಮಲೂರಿನ ಕಡೆ ಒಂದು ಗ್ಯಾರೇಜಿನಲ್ಲಿ ಮೆಕ್ಯಾನಿಕ್. ಸೊಸೆ ಗಾರ್ಮೆಂಟ್ಸ್‌ಗೆ ಹೋಗುತ್ತಿದ್ದಳು. ನಾನು ಬೆಳಗ್ಗೆ ಶಿವಾಜಿನಗರಕ್ಕೆ ಹೋಗಿ ಬಿಡಿ ಹೂವು ತಂದು, ಮಧ್ಯಾಹ್ನವೆಲ್ಲ ಕಟ್ಟಿ, ಸಂಜೆ ಹಲಸೂರು ಮಾರ್ಕೆಟ್ಟಿನ ಬಾಗಿಲಲ್ಲಿ ಮಾರುತ್ತಿದ್ದೆ. ಹೂವು ಕಟ್ಟುವಾಗ ಕೈಗೆ ಕೆಲಸ, ಕಿವಿಗೆ ಇಲ್ಲ. ಆದ್ದರಿಂದ ಮೊಮ್ಮಗಳು ಓದಿದ್ದೆಲ್ಲ ನನ್ನ ಕಿವಿಗೆ ಬೀಳುತ್ತಿತ್ತು.

ಅವಳು ಹತ್ತನೇ ಕ್ಲಾಸಿನವರೆಗೆ ಕನ್ನಡದಲ್ಲೇ ಓದಿದವಳು. ಕಾಲೇಜಿನ ಪುಸ್ತಕವೆಲ್ಲ ಇಂಗ್ಲಿಷು. ಅದಕ್ಕೆ ಸೀನಿಯರ್ ಹುಡುಗಿಯೊಬ್ಬಳು ಒಂದು ಗೈಡು ಕೊಟ್ಟಿದ್ದಳು. ಅದರ ತುಂಬ ಪ್ರಶ್ನೆಗಳು, ಒಂದೊಂದು ಪ್ರಶ್ನೆಯಲ್ಲಿ ಒಬ್ಬೊಬ್ಬ ರೋಗಿ. ಇವಳು ಮೊದಲು ಇಂಗ್ಲಿಷಿನಲ್ಲಿ ಓದಿ, ಆಮೇಲೆ ಕನ್ನಡದಲ್ಲಿ ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು. ಐವತ್ತೈದು ವರ್ಷದ ಗಂಡಸು, ಎದೆನೋವೆಂದು ದಾಖಲಾಗಿದ್ದಾನೆ, ನೀವು ಮೊದಲು ಏನು ಮಾಡುತ್ತೀರಿ? ಮೂವತ್ತು ವರ್ಷದ ಹೆಂಗಸು, ಕಾಲು ಮುರಿದಿದೆ, ಆರು ವಾರ ಮಲಗಿರಬೇಕು, ಬೆನ್ನು ಹುಣ್ಣಾಗದಂತೆ ಹೇಗೆ ನೋಡಿಕೊಳ್ಳುತ್ತೀರಿ? ಕೇಳುತ್ತ ಕೇಳುತ್ತ ನನಗೆ ಒಂದು ವಿಷಯ ಕಾಣಿಸಿತು. ಆ ಗೈಡಿನ ಜನಕ್ಕೆ ಮನೆ ಎಂಬುದೇ ಇರಲಿಲ್ಲ. ಆರು ವಾರ ಮಲಗಿರುವ ಆ ಹೆಂಗಸಿನ ಮಕ್ಕಳಿಗೆ ಯಾರು ಅನ್ನ ಹಾಕುತ್ತಾರೆ ಎಂದು ಕೇಳಿದೆ. ಗೈಡಿನಲ್ಲಿ ಇಲ್ಲ ಎಂದಳು.

ಪ್ರಶ್ನೆ ಓದಿ ಓದಿ ತಲೆಗೆ ಹತ್ತದಿದ್ದಾಗ ನನ್ನನ್ನೇ ರೋಗಿ ಮಾಡಿಕೊಳ್ಳಲು ಶುರು ಮಾಡಿದಳು. ಆಮೇಲೆ ಅದು ದಿನದ ರೂಢಿಯಾಯಿತು. ಅವಳು ಗೈಡು ಹಿಡಿದು ಎದುರಿಗೆ ಕೂತ ಕೂಡಲೇ ನಾನೇ ಕೇಳುತ್ತಿದ್ದೆ.

"ಇವತ್ತು ನಂಗೇನು ಕಾಯಿಲೆ?"

"ಇವತ್ತು ನಿಂಗೆ ಶುಗರ್ ಅಜ್ಜಿ. ಕಾಲಲ್ಲಿ ಗಾಯ ಆಗಿದೆ, ವಾಸಿ ಆಗ್ತಿಲ್ಲ."

"ಯಾವ ಕಾಲು?"

"ಅದು ಕೊಟ್ಟಿಲ್ಲ."

"ಹಂಗಾದ್ರೆ ಎಡಗಾಲು. ಬಲಗಾಲು ಮಡಚ್ಕೊಂಡು ನಾನು ಹೂ ಕಟ್ಬೇಕು."

"ನೋವಿದೆಯಾ?"

"ಇದೆ."

"ಒಂದರಿಂದ ಹತ್ತರಲ್ಲಿ ಎಷ್ಟಿದೆ?"

"ಎಷ್ಟು ಅಂದ್ರೆ? ನೋವೇನು ಬದನೆಕಾಯೇನೇ, ತಕ್ಕಡೀಲಿ ಇಟ್ಟು ಹೇಳೋಕೆ?"

"ಒಂದು ನಂಬರ್ ಹೇಳಜ್ಜಿ. ಅದಕ್ಕೆ ಮಾರ್ಕ್ಸ್ ಇದೆ."

"ಆರು ಅಂತ ಬರ್ಕೋ."

ಒಂದು ದಿನ ನಾನು ಆಗಷ್ಟೇ ಹೆರಿಗೆಯಾದ ಇಪ್ಪತ್ತು ವರ್ಷದ ಹುಡುಗಿಯಾಗಿದ್ದೆ. ಅಡುಗೆಮನೆಯಲ್ಲಿದ್ದ ಸೊಸೆ, "ಗಂಡೋ ಹೆಣ್ಣೋ ಅತ್ತೆ?" ಎಂದಳು. "ನಿನ್ನ ಗಂಡನಂಥದ್ದೇ ಇನ್ನೊಂದು" ಎಂದೆ. ಮನೆಯಲ್ಲಿ ಆ ಗೈಡಿನ ಬಗ್ಗೆ ಯಾರಿಗೂ ಬೇಸರವಿರಲಿಲ್ಲ. ಸೊಸೆ ಅದಕ್ಕೆ ಅರಿಶಿನ ಕುಂಕುಮ ಹಚ್ಚಿ ದೇವರ ಗೂಡಿನ ಕೆಳಗೆ ಇಡುತ್ತಿದ್ದಳು.

ಬೇಸರ ಇದ್ದದ್ದು ನನ್ನ ಮಗನಿಗೆ, ಅದೂ ಕೆಲಸದ ಬಗ್ಗೆ. ಮಗಳು ಊರವರ ಮೈ ಮುಟ್ಟಬೇಕು, ಮಲಮೂತ್ರದ ಪಾತ್ರೆ ಎತ್ತಬೇಕು ಎಂಬುದು ಅವನ ಗಂಟಲಲ್ಲಿ ಇಳಿದಿರಲಿಲ್ಲ. ಸೇರಿಸುವಾಗಲೇ ಹೇಳಿದ್ದ. "ಓದು. ಬೇಡ ಅನ್ನಲ್ಲ. ಒಂದು ವರ್ಷ ಫೇಲ್ ಆದ್ರೂ ಅಲ್ಲಿಗೆ ಮುಗೀತು, ನಿಮ್ಮಮ್ಮನ ಜೊತೆ ಗಾರ್ಮೆಂಟ್ಸ್‌ಗೆ ಹೋಗು." ಅವನು ಹೇಳಿದರೆ ಹೇಳಿದ್ದೇ. ಅವನ ಅಪ್ಪನೂ ಹಾಗೇ ಇದ್ದರು.

ಪ್ರಾಕ್ಟಿಕಲ್ ಪರೀಕ್ಷೆಗೆ ಸ್ವಲ್ಪ ದಿನ ಮೊದಲು ಮೊಮ್ಮಗಳು ಹಗಲು ಹೊತ್ತಿನಲ್ಲೇ ಮನೆಗೆ ಬಂದುಬಿಟ್ಟಳು. ಯೂನಿಫಾರಂ ಮೈಮೇಲೇ ಇತ್ತು. ಅದರಲ್ಲೇ ಬಸ್ಸು ಹತ್ತಿ ಬಂದಿದ್ದಳು. ನೀರು ಕೊಟ್ಟೆ. ಕುಡಿದು, ಗೋಡೆಗೆ ಒರಗಿ ಕೂತಳು.

ಅವಳು ಕೆಲಸ ಕಲಿಯಲು ಹೋಗುತ್ತಿದ್ದ ಆಸ್ಪತ್ರೆಯ ವಾರ್ಡಿನಲ್ಲಿ ಒಬ್ಬ ಮುದುಕಿ ಇದ್ದರಂತೆ. ಇವಳೇ ಗಂಜಿ ಕುಡಿಸುತ್ತಿದ್ದಳಂತೆ. ಅವತ್ತು ಬೆಳಗ್ಗೆ ಆ ಮುದುಕಿ ತೀರಿಕೊಂಡರು. ವಾರ್ಡಿನ ಸಿಸ್ಟರ್ ಇವಳನ್ನು ಕರೆದು, ಬಾ, ಇದನ್ನೂ ಕಲಿಯಬೇಕು ಎಂದು ಪರದೆ ಎಳೆದರು. ಕಣ್ಣು ಮುಚ್ಚಿದ್ದಾಯಿತು, ಮೈ ಒರೆಸಿದ್ದಾಯಿತು. ಕೊನೆಗೆ ಸಿಸ್ಟರ್ ಬೆಡ್‌ಶೀಟಿನ ತುದಿ ಇವಳ ಕೈಗೆ ಕೊಟ್ಟು, ಮುಖ ಮುಚ್ಚು ಎಂದರು. ಇವಳು ತುದಿ ಬಿಟ್ಟು ಓಡಿದಳು. ಗೇಟು ದಾಟಿ, ಸಿಕ್ಕಿದ ಬಸ್ಸು ಹತ್ತಿದಳು.

"ಯಾಕೆ ಓಡ್ದೆ?"

"ಗೊತ್ತಿಲ್ಲ. ಅವ್ರಿಗೆ ಉಸಿರು ಕಟ್ಟತ್ತೆ ಅನ್ನಿಸ್ಬಿಡ್ತು."

"ಸತ್ತೋರಿಗಾ?"

"ಹೂಂ."

ಮಾರನೇ ದಿನ ಕಾಲೇಜಿನ ಮೇಡಂ ಬೈಯಲಿಲ್ಲವಂತೆ. ಬೈದಿದ್ದರೇ ಚೆನ್ನಾಗಿತ್ತು. "ಪ್ರಾಕ್ಟಿಕಲ್ ದಿನ ಉಳಿದವರೆಲ್ಲ ಚೀಟಿ ಎತ್ತಿ, ಬಂದದ್ದನ್ನ ಮಾಡ್ತಾರೆ. ನಿನಗೆ ಚೀಟಿ ಇಲ್ಲ. ನೀನು ಇದನ್ನೇ ಮಾಡಿ ತೋರಿಸ್ಬೇಕು. ಅರ್ಧಕ್ಕೆ ಬಿಟ್ಟರೆ ಫೇಲು" ಎಂದರಂತೆ. ಮಾಡಬೇಕಾದ್ದು ರಬ್ಬರ್ ಬೊಂಬೆಯ ಮೇಲೆ. ಕಾಲೇಜಿನಲ್ಲಿ ಒಂದು ದೊಡ್ಡ ಬೊಂಬೆ ಇತ್ತು. ಹುಡುಗಿಯರು ಅದಕ್ಕೆ ಸೂಜಿ ಚುಚ್ಚಿ, ತಲೆ ತೊಳೆದು, ಹಾಸಿಗೆ ಬದಲಿಸಿ ಕಲಿಯುತ್ತಿದ್ದರು. ಬೊಂಬೆ ತಾನೇ, ಅದಕ್ಕೇನು ಹೆದರಿಕೆ ಎಂದೆ. ಅದರ ಮುಖ ನೋಡಿದರೆ ಈಗ ಆ ಮುದುಕಿಯೇ ಕಾಣುತ್ತಾರೆ, ಕೈ ಅಲ್ಲಿಗೇ ನಿಂತುಬಿಡುತ್ತೆ ಎಂದಳು. ಜೊತೆಯ ಹುಡುಗಿಯರನ್ನು ಮಲಗಿಸಿ ಅಭ್ಯಾಸ ಮಾಡೋಣವೆಂದರೆ, ಬೇರೆ ಯಾವ ಕಾಯಿಲೆಗೂ ಮಲಗುವ ಹುಡುಗಿಯರು ಇದಕ್ಕೆ ಒಬ್ಬರೂ ಒಪ್ಪಲಿಲ್ಲ. ಅವರವರ ಮನೆಯಲ್ಲಿ ಗೊತ್ತಾದರೆ ಕೊಂದೇ ಹಾಕುತ್ತಾರೆ ಎಂದರಂತೆ.

ಪರೀಕ್ಷೆ ಶನಿವಾರ. ಶುಕ್ರವಾರ ಅವಳಿಗೆ ಓದಿಕೊಳ್ಳಲು ರಜೆ ಕೊಟ್ಟಿದ್ದರು. ಮಗ, ಸೊಸೆ ಕೆಲಸಕ್ಕೆ ಹೋಗಿದ್ದರು. ಅವಳು ಗೈಡು ತೆಗೆದು ಅದೇ ಪ್ರಶ್ನೆಯನ್ನು ಮತ್ತೆ ಮತ್ತೆ ಓದುತ್ತಿದ್ದಳು. ಎಪ್ಪತ್ತು ವರ್ಷದ ಹೆಂಗಸು ವಾರ್ಡಿನಲ್ಲಿ ಮರಣ ಹೊಂದಿದ್ದಾರೆ, ಸಂಬಂಧಿಕರು ಹೊರಗೆ ಕಾಯುತ್ತಿದ್ದಾರೆ, ನರ್ಸಾಗಿ ನಿಮ್ಮ ಕರ್ತವ್ಯಗಳನ್ನು ಬರೆಯಿರಿ. ನಾನು ಕೈಯಲ್ಲಿದ್ದ ಮಲ್ಲಿಗೆ ಕಟ್ಟಿ ಮುಗಿಸಿ ಬುಟ್ಟಿ ಬದಿಗಿಟ್ಟೆ.

"ಇವತ್ತು ನಾನು ಸತ್ತಿದೀನಿ. ಏಳು" ಎಂದೆ.

"ಬೇಡ ಅಜ್ಜಿ."

"ನಂಗೂ ಹೆಚ್ಚುಕಮ್ಮಿ ಅಷ್ಟೇ ವಯಸ್ಸು. ಆ ಪ್ರಶ್ನೆಗೆ ನಾನೇ ಸರಿ. ಚಾಪೆ ಹಾಸು."

"ಶುಕ್ರವಾರ ಅಜ್ಜಿ. ಅಮ್ಮಂಗೆ ಗೊತ್ತಾದ್ರೆ?"

"ನಾಳೆ ನೀನು ಆ ಬೊಂಬೆ ಮುಂದೆ ನಿಂತ್ಕೊಂಡು ಅತ್ರೆ ಅದೂ ಗೊತ್ತಾಗತ್ತೆ. ಹಾಸು."

ಹಾಸಿದಳು. ಮಲಗಿದೆ. ಬಾಗಿಲು ಸುಮ್ಮನೆ ಮುಂದೆ ಮಾಡಿತ್ತು. ಹಗಲು ಹೊತ್ತು ನಮ್ಮ ಬೀದಿಯಲ್ಲಿ ಯಾರೂ ಚಿಲಕ ಹಾಕುವುದಿಲ್ಲ.

ಗಾಬರಿಯಲ್ಲಿ ಅವಳು ಹತ್ತಿಯನ್ನು ಹಿಂಡಿರಲಿಲ್ಲ. ಒದ್ದೆ ಹತ್ತಿಯನ್ನು ರೆಪ್ಪೆಯ ಮೇಲೆ ಇಟ್ಟಾಗ ನೀರು ಕಿವಿಗೆ ಹರಿಯಿತು.

"ತಣ್ಣಗಿದೆ ಕಣೇ" ಎಂದೆ.

"ಸತ್ತವರು ಮಾತಾಡಲ್ಲ ಅಜ್ಜಿ."

"ಸರಿ, ಮುಂದಕ್ಕೆ ನಡಿ."

ಕೈಕಾಲು ನೇರ ಮಾಡಿದಳು. ಮುಖ ಒರೆಸಿದಳು. ತಲೆ ಬಾಚಿದಳು, ಸಿಕ್ಕು ಬಿಡಿಸುವಾಗ ಅವಳಿಗೆ ಎಳೆಯಲು ಮನಸ್ಸಿಲ್ಲ, ಬುಡ ಹಿಡಿದುಕೊಂಡು ಮೆಲ್ಲಗೆ ಬಾಚಿದಳು. ಹತ್ತಿ ಇಟ್ಟಳು. ದವಡೆ ಇಳಿಯದಂತೆ ಗಲ್ಲದ ಕೆಳಗಿನಿಂದ ತಲೆಯ ಮೇಲಕ್ಕೆ ಬ್ಯಾಂಡೇಜ್ ಬಟ್ಟೆ ಸುತ್ತಿ ಗಂಟು ಹಾಕಿದಳು. ಅಲ್ಲಿಗೆ ನನ್ನ ಮಾತು ನಿಂತಿತು. ಕಾಲ್ಬೆರಳು ಕಟ್ಟುವ ಹೊತ್ತಿಗೆ ಬಟ್ಟೆ ಮುಗಿದಿತ್ತು. ನನ್ನ ಬುಟ್ಟಿಯಿಂದ ಹೂವು ಕಟ್ಟುವ ದಾರ ತೆಗೆದು ಎರಡು ಹೆಬ್ಬೆರಳನ್ನೂ ಸೇರಿಸಿ ಕಟ್ಟಿದಳು. ದಾರದ ಬಿಗಿಯಲ್ಲಿ ನನಗೆ ಗೊತ್ತಾಯಿತು, ಒಂದೇ ಹದವಾಗಿ ಸುತ್ತು ಬಿದ್ದಿತ್ತು. ಹುಡುಗಿ ಕಲಿತಳು ಅಂದುಕೊಂಡೆ.

ಆಮೇಲೆ ಬೆಡ್‌ಶೀಟು ಎಳೆದು ಎದೆಯವರೆಗೆ ತಂದು ನಿಲ್ಲಿಸಿದಳು.

ಕಾದೆ. ಮುಖದ ಮೇಲೆ ಬೆಡ್‌ಶೀಟು ಬರಲಿಲ್ಲ. ಬದಲಿಗೆ ಅವಳು ನನ್ನ ಪಕ್ಕದಲ್ಲಿ ಕೂತು ಅಳುವುದು ಕೇಳಿಸಿತು. ಮೊದಲು ಮೂಗು ಎಳೆದಳು, ಆಮೇಲೆ ಬಿಕ್ಕಿದಳು. ಅಳಬೇಡ, ಮುಚ್ಚು ಎಂದು ಹೇಳೋಣವೆಂದರೆ ಬಾಯಿ ಕಟ್ಟಿದೆ. ಕಣ್ಣಿನ ಮೇಲೆ ಹತ್ತಿ. ಅಷ್ಟರಲ್ಲಿ ಬಾಗಿಲು ಕಿರ್ ಎಂದಿತು.

ಎದುರುಮನೆಯ ತಮಿಳಮ್ಮ. ಪ್ರತಿ ಶುಕ್ರವಾರ ದೀಪ ಹಚ್ಚುವ ಮೊದಲು ಒಂದು ಮೊಳ ಮಲ್ಲಿಗೆಗೆ ಬರುತ್ತಿದ್ದಳು. ಬೀದಿಯಲ್ಲಿ ಏನಾದರೂ ಆದರೆ ಮೊದಲು ಗೊತ್ತಾಗುವುದು ಅವಳಿಗೇ, ಎರಡನೆಯದಾಗಿ ಗೊತ್ತಾಗುವುದು ಅವಳಿಂದಲೇ.

"ಹೂವಕ್ಕಾ..." ಎಂದು ಒಳಗೆ ಕಾಲಿಟ್ಟವಳು ಅಲ್ಲೇ ನಿಂತಳು. "ಐಯೋ! ಐಯೋ ಕಡವುಳೇ! ಎನ್ನಮ್ಮಾ ಇದು? ಯಾವಾಗ ಆಯ್ತು?"

ಮೊಮ್ಮಗಳು ಉತ್ತರ ಹೇಳಲು ಬಾಯಿ ತೆರೆದಳು, ಅಳು ಬಂತು. ನಾನು "ಮ್ ಮ್" ಎಂದೆ. ತಮಿಳಮ್ಮನ ಅರಚಾಟದಲ್ಲಿ ಅದು ಯಾರಿಗೆ ಕೇಳಿಸಬೇಕು? ಎದೆ ಬಡಿದುಕೊಳ್ಳುತ್ತ ಬೀದಿಗೆ ಇಳಿದೇಬಿಟ್ಟಳು. "ಹೂವಕ್ಕ ಪೋಯಿಟ್ಟಾಂಗಳೇ! ನಿನ್ನೆ ತಾನೇ ನನ್ ಜೊತೆ ಜಗಳ ಆಡಿದ್ರಲ್ಲಪ್ಪಾ!"

ಜಗಳ ಆಡಿದ್ದು ನಿಜ. ನಲ್ಲಿಯ ಹತ್ತಿರ, ಬಿಂದಿಗೆ ಸಾಲಿಗೆ.

ಏಳೋಣವೆಂದು ನೋಡಿದರೆ ಕಾಲ್ಬೆರಳು ಕಟ್ಟಿದೆ. ಬೆರಳೆರಡು ಕಟ್ಟಿದರೆ ಇಡೀ ಮನುಷ್ಯ ಏಳಲಾಗುವುದಿಲ್ಲ ಎಂದು ಅವತ್ತು ತಿಳಿಯಿತು. ಮೊಮ್ಮಗಳು ಗಾಬರಿಯಲ್ಲಿ ಗಂಟು ಬಿಚ್ಚಲು ಹೋಗಿ ಇನ್ನೂ ಬಿಗಿ ಮಾಡಿದಳು. ಕೊನೆಗೆ ಹೂವಿನ ಕತ್ತರಿ ತಂದು ಕತ್ತರಿಸಿದಳು. ನಾನು ಹತ್ತಿ ಕಿತ್ತು, ಬ್ಯಾಂಡೇಜ್ ಸರಿಸಿ ಬಾಗಿಲಿಗೆ ಬರುವ ಹೊತ್ತಿಗೆ ಕೆಲಸವೆಲ್ಲ ಮುಂದಕ್ಕೆ ಹೋಗಿತ್ತು. ಎಸ್‌ಟಿಡಿ ಬೂತಿನಿಂದ ಮಗನ ಗ್ಯಾರೇಜಿಗೆ ಫೋನು ಹೋಗಿತ್ತು. ಗ್ಯಾರೇಜಿನಿಂದ ಸೊಸೆಯ ಗಾರ್ಮೆಂಟ್ಸ್‌ಗೆ ಇನ್ನೊಂದು. ಬಿದಿರು ತರಲು ಯಾರೋ ಹೊರಟಿದ್ದರು. ಮಾರ್ಕೆಟ್ಟಿನಲ್ಲಿ ನನ್ನ ಪಕ್ಕ ಕೂರುವ ಹೂವಿನವಳು ಒಂದು ದೊಡ್ಡ ಚೆಂಡುಹೂವಿನ ಹಾರ ಕಳಿಸಿಯೇಬಿಟ್ಟಿದ್ದಳು. ಅವಳು ಇಷ್ಟು ವರ್ಷದಲ್ಲಿ ನನಗೆ ಒಂದು ಎಸಳು ಸುಮ್ಮನೆ ಕೊಟ್ಟವಳಲ್ಲ.

ನನ್ನನ್ನು ನೋಡಿ ಇಬ್ಬರು ಹಿಂದಕ್ಕೆ ಸರಿದರು. ತಮಿಳಮ್ಮ ಕರ್ಪೂರ ಹಚ್ಚುತ್ತೇನೆಂದು ತನ್ನ ಮನೆಯೊಳಕ್ಕೆ ಓಡಿದಳು.

"ಸತ್ತಿಲ್ಲ" ಎಂದೆ. "ಹುಡುಗಿ ಪರೀಕ್ಷೆಗೆ ಓದ್ಕೋತಿದ್ಲು. ಎಲ್ಲ ಮನೆಗೋಗಿ."

ಯಾರೂ ಹೋಗಲಿಲ್ಲ. ಹೀಗೆ ಹೇಳಿದರೆ ಯಾರು ನಂಬುತ್ತಾರೆ? ಹೊಸಿಲ ಮೇಲೆ ಕೂತು, ಕಾಫಿ ಮಾಡಿ ತಾ ಎಂದು ಮೊಮ್ಮಗಳಿಗೆ ಹೇಳಿದೆ. ಕಾಫಿ ಕುಡಿದದ್ದನ್ನು ನೋಡಿದ ಮೇಲೆ ನಾಲ್ಕು ಜನ ನಂಬಿದರು.

ಮಗ ಆಟೋದಲ್ಲಿ ಬಂದ. ಕೈಯೆಲ್ಲ ಗ್ರೀಸು, ತೊಳೆದೂ ಇರಲಿಲ್ಲ. ಜನ ನೋಡಿ ಆಟೋದಿಂದ ಇಳಿಯುವಾಗಲೇ ಅಳುತ್ತಿದ್ದ. ನಾನು ಲೋಟ ಹಿಡಿದು ಹೊಸಿಲ ಮೇಲೆ ಕೂತದ್ದು ಕಂಡಿತು. ಅವನು ಅಳು ನಿಲ್ಲಿಸಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಸಿಟ್ಟು ಬಂತು.

ಸೊಸೆ ಬಂದದ್ದು ಅವನ ಹಿಂದೆಯೇ. ಅವಳು ಅಳಲೂ ಇಲ್ಲ, ನನ್ನ ಕಡೆ ನೋಡಲೂ ಇಲ್ಲ. ಚಾಪೆಯ ಹತ್ತಿರ ಬಿದ್ದಿದ್ದ ದಾರದ ತುಂಡು ನೋಡಿದಳು.

"ಬದುಕಿರೋರ ಕಾಲ್ಬೆರಳು ಕಟ್ತಾರೇನೇ?" ಎಂದು ಮಗಳ ಮೇಲೆ ಏರಿದಳು. "ಶುಕ್ರವಾರ, ದೀಪ ಹಚ್ಚೋ ಹೊತ್ತಲ್ಲಿ? ಇದನ್ನೇ ಕಲ್ಸಿದ್ದಾ ನಿಮ್ ಕಾಲೇಜಲ್ಲಿ?"

"ಕಟ್ಟು ಅಂದಿದ್ದು ನಾನು" ಎಂದೆ.

"ನೀವು ಸುಮ್ನಿರಿ ಅತ್ತೆ. ನೀವು ಹೇಳ್ತೀರ. ನಾಳೆ ನಿಮಗೇನಾದ್ರೂ ಆದ್ರೆ ಊರೆಲ್ಲ ಇವಳನ್ನ ಬೈಯುತ್ತೆ, ಮೊಮ್ಮಗಳೇ ಕಟ್ಟಿ ಕಳಿಸ್ಬಿಟ್ಲು ಅಂತ."

ಅದೂ ಸರಿಯಾದ ಮಾತೇ. ಅವಳು ನೀರೊಲೆಗೆ ಬೆಂಕಿ ಹಾಕಿ, ನನ್ನ ತಲೆಯ ಮೇಲೆ ನೀರು ಸುರಿದು, ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ಮೆಣಸಿನಕಾಯಿ ಘಾಟು ಬಂದು ಎಲ್ಲರೂ ಕೆಮ್ಮಿದೆವು. ಅವಳಿಗೆ ಸಮಾಧಾನವಾಗಲಿ ಎಂದು ನಾನು ಸುಮ್ಮನೆ ಕೂತೆ.

ಮಗ ಕೈ ತೊಳೆದು ಬಂದು ಗೋಡೆಯ ಕಡೆ ಮುಖ ಮಾಡಿ ಹೇಳಿದ. "ನಾಳೆ ಪರೀಕ್ಷೆ ಬೇಡ. ಸಾಕು ಇದು. ಸೋಮವಾರದಿಂದ ಅಮ್ಮನ ಜೊತೆ ಹೋಗು."

ಮೊಮ್ಮಗಳು ಎದ್ದು ಹೋಗಿ ಗೈಡು ತೆಗೆದು ಚೀಲಕ್ಕೆ ಹಾಕಿ, ಚೀಲವನ್ನು ಮೊಳೆಗೆ ನೇತುಹಾಕಿದಳು. ಅವಳು ಹೋಗಲೇಬೇಕು ಎಂದು ಅತ್ತಿದ್ದರೆ ನಾನೂ ಎರಡು ಮಾತು ಆಡುತ್ತಿದ್ದೆ. ಅವಳಿಗೇ ತಾನು ಮುಖ ಮುಚ್ಚುತ್ತೇನೆಂಬ ನಂಬಿಕೆ ಇರಲಿಲ್ಲ. ನಾನೇನು ಹೇಳಲಿ?

ದೀಪ ಹಚ್ಚಿದ ಮೇಲೆ ತಮಿಳಮ್ಮ ಬಂದಳು. ಒಂದು ತಟ್ಟೆಯಲ್ಲಿ ಇಡ್ಲಿ ಇತ್ತು. ಬಾಗಿಲಲ್ಲೇ ನಿಂತಳು. ಸೊಸೆ ಒಳಗೆ ಬಾ ಎನ್ನಲಿಲ್ಲ.

"ನಾನೇನು ಸುಳ್ಳು ಹೇಳ್ದೆನಾ?" ಎಂದಳು ಅವಳೇ. "ನೀವ್ ನೋಡಿದ್ರೂ ಹಂಗೇ ಅಂದ್ಕೋತಿದ್ರಿ. ಹೂವಕ್ಕನ್ನ ಇಷ್ಟು ನೀಟಾಗಿ ನಾನು ಯಾವತ್ತೂ ನೋಡೇ ಇಲ್ಲ. ತಲೆ ಬಾಚಿ, ಮುಖ ತೊಳ್ದು, ಕೈಕಾಲು ಸರಿಯಾಗಿಟ್ಟು..."

"ಬದುಕಿದ್ದಾಗ ಅವಲಕ್ಷಣವಾಗಿದ್ನಾ?" ಎಂದೆ.

"ಅಕ್ಕಾ, ಸುಮ್ನಿರಿ. ನಾನು ಇವಳಿಗೆ ಹೇಳ್ತಿದೀನಿ." ಮೊಮ್ಮಗಳ ಕಡೆ ತಿರುಗಿದಳು. "ನಮ್ಮಮ್ಮ ಆಸ್ಪತ್ರೇಲಿ ಹೋದ್ರು ಕಣಮ್ಮ. ಬೆಳಿಗ್ಗೆ ಹೋದ್ರು, ಮಧ್ಯಾಹ್ನ ಕೊಟ್ರು. ಬಾಯಿ ಹಿಂಗೇ ತೆರೆದಿತ್ತು. ಮನೆಗೆ ತಂದ್ಮೇಲೆ ನಾವು ಎಷ್ಟು ಒತ್ತಿದ್ರೂ ಮುಚ್ಚಲೇ ಇಲ್ಲ. ನೋಡೋಕ್ ಬಂದೋರೆಲ್ಲ ಅದನ್ನೇ ನೋಡಿದ್ರು. ನಂಗೆ ಈಗ್ಲೂ ಅಮ್ಮ ಅಂದ್ರೆ ಆ ಬಾಯೇ ಬರತ್ತೆ. ಯಾಕಮ್ಮ ಮುಚ್ಚಲಿಲ್ಲ?"

ಮೊಮ್ಮಗಳು ತಲೆ ಎತ್ತದೆ ಹೇಳಿದಳು. "ಬೇಗ ಕಟ್ಬೇಕು ಆಂಟಿ. ಹೋದ ಕೂಡ್ಲೇ ಮೈ ಮೆತ್ತಗಿರತ್ತೆ. ಒಂದೆರಡು ಗಂಟೆ ಆಯ್ತು ಅಂದ್ರೆ ಮೊದಲು ದವಡೆನೇ ಬಿಗಿಯೋದು. ಆಮೇಲೆ ಒತ್ತಿದ್ರೂ ಬರಲ್ಲ. ಅದಕ್ಕೇ ಕಣ್ಣು, ಬಾಯಿ, ಕೈಕಾಲು ಮೊದಲು."

"ಅಲ್ಲಿ ಯಾರೂ ಕಟ್ಟಲಿಲ್ಲ."

"ಕಟ್ಬೇಕಿತ್ತು" ಎಂದಳು ಮೊಮ್ಮಗಳು.

ಮಗ ಗೋಡೆಯ ಕಡೆಯಿಂದ ತಿರುಗಿದ. "ನಮ್ಮಪ್ಪಂದೂ ಹಂಗೇ ಇತ್ತು" ಎಂದ.

ಇತ್ತು. ನನಗೂ ಗೊತ್ತಿತ್ತು. ನನ್ನ ಗಂಡ ತೀರಿಕೊಂಡದ್ದು ತೊಂಬತ್ತರ ಈಚೆಗೆ, ಒಂದು ಆಸ್ಪತ್ರೆಯ ವರಾಂಡದಲ್ಲಿ. ಮನೆಗೆ ತಂದಾಗ ಮಗನೇ ಟವೆಲ್ ಕಟ್ಟಿ ಬಾಯಿ ಮುಚ್ಚಿಸಲು ನೋಡಿದ್ದ. ಆಗಲಿಲ್ಲ. ಆಮೇಲೆ ನಾವು ಇಬ್ಬರೂ ಆ ಮಾತು ಎತ್ತಿರಲಿಲ್ಲ. ಎತ್ತಿ ಏನು ಪ್ರಯೋಜನ?

ಅವನು ಮಗಳನ್ನು ಕೇಳಿದ. ಹೊರಗಿನವರು ಯಾರಾದರೂ ಕೇಳಿದ್ದರೆ ಪರೀಕ್ಷೆ ಮಾಡುತ್ತಿದ್ದಾನೆ ಅಂದುಕೊಳ್ಳಬೇಕು, ಹಾಗಿತ್ತು ದನಿ. ಅವನಿಗೆ ಬೇಕಾದದ್ದು ಬೇರೆ.

"ಎಲ್ಲ ಕಟ್ಟಿ ಆದ್ಮೇಲೆ ಏನ್ಮಾಡ್ತೀರಿ?"

"ಮನೆಯವರನ್ನ ಒಳಗೆ ಕರೀತೀವಿ. ಅವರು ಮುಖ ನೋಡ್ಬೇಕು. ಎಷ್ಟೊತ್ತು ಬೇಕೋ ಅಷ್ಟೊತ್ತು ನೋಡ್ಲಿ ಅಂತ ಬಿಡ್ಬೇಕು. ಅವರು ಆಯ್ತು ಅಂದ್ಮೇಲೆ ಮುಚ್ತೀವಿ."

"ನೀನು ಮುಚ್ತೀಯಾ?"

"ಅದೊಂದು ಆಗ್ತಿಲ್ಲ ಅಪ್ಪಾ" ಎಂದಳು. ಅವನಿಗೆ ಅವಳು ಆ ವಿಷಯ ಹೇಳಿದ್ದು ಅದೇ ಮೊದಲು.

ತಮಿಳಮ್ಮ ತಟ್ಟೆ ಇಟ್ಟು ಹೋದಳು. ಮಗ ಇಡ್ಲಿ ತಿಂದ. ಚಟ್ನಿ ಖಾರವಾಗಿದೆ ಎಂದ. ಕೈ ತೊಳೆದು ಬಂದು, ಮೊಳೆಯಲ್ಲಿದ್ದ ಚೀಲದ ಕಡೆ ನೋಡಿ ಕೇಳಿದ.

"ನಾಳೆ ಎಷ್ಟೊತ್ತಿಗೆ ಬಸ್ಸು?"

ಸೊಸೆ ಪಾತ್ರೆ ಎತ್ತಿಡುತ್ತಿದ್ದವಳು ಒಂದು ಪಾತ್ರೆಯನ್ನು ಜೋರಾಗಿ ಕುಕ್ಕಿದಳು. ಆದರೆ ಬೇಡವೆನ್ನಲಿಲ್ಲ. ಗೈಡು ಚೀಲದಿಂದ ತೆಗೆದು ದೇವರ ಗೂಡಿನ ಕೆಳಗೆ ಇಟ್ಟಳು.

ಮೊಮ್ಮಗಳು ಪಾಸಾದಳು. ಕೊನೆಯವರೆಗೂ ಕಾಯಿಸುವ ವಿಷಯವಲ್ಲ, ಆದ್ದರಿಂದ ಈಗಲೇ ಹೇಳಿಬಿಡುತ್ತೇನೆ. ಮೇಡಂ ಏನು ಹೇಳಿದರು ಎಂದು ಕೇಳಿದೆ. "ಸರಿ, ಮುಂದಿನವರು ಬನ್ನಿ" ಎಂದರಂತೆ. ಮೂರು ವರ್ಷ ಓದಿ ಮುಗಿಸಿದಳು. ಈಗ ಇಂದಿರಾನಗರದ ಕಡೆ ಒಂದು ಆಸ್ಪತ್ರೆಯಲ್ಲಿದ್ದಾಳೆ. ವಾರ್ಡಿನಲ್ಲಿ ಯಾರಾದರೂ ತೀರಿಹೋದ ದಿನ ಮನೆಗೆ ಬಂದರೆ ಸ್ನಾನ ಮಾಡಿ, ಊಟ ಮಾಡಿ, ಬೇಗ ಮಲಗುತ್ತಾಳೆ. ನಾನು ಕೇಳುವುದಿಲ್ಲ. ತಮಿಳಮ್ಮ ಈಗಲೂ ಎದುರುಮನೆಯಲ್ಲೇ ಇದ್ದಾಳೆ, ಈಗಲೂ ಜಗಳ ಆಡುತ್ತಾಳೆ. ಆದರೆ ತನಗೇನಾದರೂ ಆದರೆ ಮೊದಲು ನಮ್ಮ ಹುಡುಗಿಗೆ ಫೋನು ಮಾಡಬೇಕೆಂದು ತನ್ನ ಮಕ್ಕಳಿಗೆ ಹೇಳಿಟ್ಟಿದ್ದಾಳೆ. ನನಗಿಂತ ಮೊದಲು ಅವಳೇ ಹೋಗುತ್ತಾಳೆ ಎಂದು ಅವಳಿಗೆ ಯಾರು ಹೇಳಿದರೋ.

ಆ ಶನಿವಾರ ಬೆಳಗ್ಗೆ ಮೊಮ್ಮಗಳು ಎಂದಿನಂತೆ ಕತ್ತಲಲ್ಲೇ ಎದ್ದಳು. ಅವಳಿಗಿಂತ ಮೊದಲು ನಾನು ಎದ್ದಿದ್ದೆ. ಅವಳು ಸ್ನಾನ ಮುಗಿಸಿ ಬರುವಷ್ಟರಲ್ಲಿ ಚಾಪೆ ಹಾಸಿ ಮಲಗಿದ್ದೆ. ಹೊಸ ದಾರ ಒಂದು ಮೊಳ ಕತ್ತರಿಸಿ ಪಕ್ಕದಲ್ಲಿಟ್ಟುಕೊಂಡಿದ್ದೆ.

"ಅಜ್ಜೀ..." ಎಂದಳು.

"ನಿನ್ನೆ ಅರ್ಧಕ್ಕೆ ನಿಂತಿದೆ. ಮುಗ್ಸಿ ಹೋಗು. ಬಸ್ಸಿಗೆ ಹೊತ್ತಿದೆ."

ಅವಳು ಅಮ್ಮನ ಕಡೆ ನೋಡಿದಳು. ಸೊಸೆ ಒಲೆಯ ಮೇಲಿನ ಹಾಲು ಇಳಿಸಿದಳು. ಸೆರಗಿಗೆ ಕೈ ಒರೆಸಿಕೊಂಡು ಬಂದು ಮುಂಬಾಗಿಲ ಚಿಲಕ ಹಾಕಿದಳು. ಕೆಳಗಿನದೂ ಹಾಕಿ, ಮೇಲಿನದೂ ಹಾಕಿ, ತಿರುಗಿ ಅಡುಗೆಮನೆಗೆ ಹೋದಳು.

ಕಣ್ಣು, ಬಾಯಿ, ಕೈಕಾಲು. ಈ ಸಲ ನೀರು ಕಿವಿಗೆ ಹರಿಯಲಿಲ್ಲ. ಬೆರಳಿಗೆ ದಾರ ಕಟ್ಟಿದಳು. ಆಮೇಲೆ ಅವಳು ಎದ್ದು ನಿಂತದ್ದು ತಿಳಿಯಿತು. "ಮನೆಯವರು ಬರ್ಬಹುದು" ಎಂದಳು. ಆ ದನಿ ನಮ್ಮ ಹುಡುಗಿಯದಾಗಿರಲಿಲ್ಲ, ವಾರ್ಡಿನದಾಗಿತ್ತು.

ಮಗ ಬಂದು ನಿಂತ. ಸ್ವಲ್ಪ ಹೊತ್ತು ನಿಂತ. ಅವನ ಮೈಯಿಂದ ಸಾಬೂನಿನ ವಾಸನೆ, ಅದರ ಕೆಳಗೆ ಗ್ರೀಸಿನದು.

"ಆಯ್ತು" ಎಂದ.

ಬೆಡ್‌ಶೀಟು ನನ್ನ ಮುಖದ ಮೇಲೆ ಬಂತು. ಎಳೆದದ್ದಲ್ಲ, ಇಟ್ಟದ್ದು. ಒಳಗೆ ಉಸಿರಾಡಲು ಏನೂ ತೊಂದರೆಯಿರಲಿಲ್ಲ. ಬೀದಿಯಲ್ಲಿ ಹಾಲಿನವನ ಸೈಕಲ್ಲು ಹೋಯಿತು. ಅವಳು ಅಳುತ್ತಾಳೇನೋ ಎಂದು ಕಿವಿ ಕೊಟ್ಟೆ. ಅಳಲಿಲ್ಲ. ಬೆಡ್‌ಶೀಟಿನ ಅಂಚನ್ನು ಎರಡೂ ಕಡೆ ಸರಿ ಮಾಡಿದಳು. ಹಾಲು ಕುಡಿದಳು. ಚೀಲ ತೆಗೆದುಕೊಂಡಳು.

"ಹೋಗಿ ಬರ್ತೀನಿ ಅಜ್ಜಿ."

ಬಾಯಿ ಕಟ್ಟಿತ್ತು. ಕೈ ಎತ್ತಿದೆ.

ಅವಳು ಹೋದ ಮೇಲೆ ಎದ್ದು ಕೂತು, ಬ್ಯಾಂಡೇಜ್ ಬಿಚ್ಚಿ ಒಗೆಯಲು ಹಾಕಿದೆ. ಕಾಲಿನ ಗಂಟು ನಾನೇ ಬಿಚ್ಚಿಕೊಂಡೆ. ಈ ಸಲ ಸಲೀಸಾಗಿ ಬಿಚ್ಚಿತು. ಕಾಲಿಗೆ ಕಟ್ಟಿದ ದಾರದಲ್ಲಿ ಹೂವು ಕಟ್ಟುವಂತಿಲ್ಲ, ಅದನ್ನು ನೀರೊಲೆಗೆ ಹಾಕಿದೆ. ಹಿಂದಿನ ದಿನ ಬಂದಿದ್ದ ಚೆಂಡುಹೂವಿನ ಹಾರವನ್ನು ಬಿಡಿಸಿ, ಹೂವನ್ನು ತುಳಸಿಯ ಬುಡಕ್ಕೆ ಸುರಿದೆ. ಆಮೇಲೆ ಹೊಸ ದಾರದ ಉಂಡೆ, ಬುಟ್ಟಿ ತೆಗೆದುಕೊಂಡು ಶಿವಾಜಿನಗರದ ಬಸ್ಸು ಹತ್ತಿದೆ.